ಬಿಎಸ್ಸಿ ಮುಗಿಯುತ್ತಿದೆ, ಕಾಡಿನ ಓದಿಗೆ ಮುಂದೆ ಎಲ್ಲಿಗೆ ಹೋಗಬೇಕು?

ಶ್ರೀಮಂಗಲದ ವಿದ್ಯಾರ್ಥಿನಿ | ಜನವರಿ 6

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ನನ್ನ ವಿಷಯಗಳು. ಕೊಡಗಿನ ಶ್ರೀಮಂಗಲದ ಹತ್ತಿರ ನಮ್ಮದು ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ. ಆನೆ ಕಾಟಕ್ಕೆ ಗದ್ದೆಯನ್ನು ಪಾಳು ಬಿಟ್ಟು ಮೂರು ವರ್ಷವಾಯಿತು.

ಕಳೆದ ವಾರ ತೋಟದ ಅಂಚಿನಲ್ಲಿ ಆನೆಯ ಲದ್ದಿ ಬಿದ್ದಿತ್ತು. ಕೋಲಿನಿಂದ ಬಿಡಿಸಿ ನೋಡಿದೆ. ಹುಲ್ಲಿನ ನಾರು, ತೊಗಟೆಯ ಎಳೆ, ಅವುಗಳ ನಡುವೆ ಕಾಫಿ ಬೀಜ. ಹಣ್ಣಿನ ಸಿಪ್ಪೆ ಹೋಗಿತ್ತು, ಒಳಗಿನ ಹೊಟ್ಟು ಹಾಗೆಯೇ ಉಳಿದಿತ್ತು. ಒಂದೇ ಉಂಡೆಯಲ್ಲಿ 142 ಬೀಜ ಎಣಿಸಿದೆ. ಈ ಬೀಜಗಳು ಮೊಳೆಯುತ್ತವೆಯೇ? ಇದು ನಮ್ಮ ತೋಟದ ಹಣ್ಣೋ, ಕಾಡಿನಾಚೆಯ ತೋಟದ್ದೋ? ಅಪ್ಪನ ಕಾಲದಲ್ಲಿ ಆನೆ ಕಾಫಿ ತಿನ್ನುತ್ತಿರಲಿಲ್ಲ ಎನ್ನುತ್ತಾರೆ, ಹಾಗಾದರೆ ಯಾವಾಗ ಕಲಿಯಿತು?

ಇಂಥ ಪ್ರಶ್ನೆಗಳನ್ನೇ ಮುಂದಿನ ಓದಾಗಿಸಿಕೊಳ್ಳಬೇಕು ಎಂಬ ಆಸೆ ನನಗಿದೆ. ಮನೆಯಲ್ಲಿ ಬಿಎಡ್ ಮಾಡು ಎನ್ನುತ್ತಿದ್ದಾರೆ. ಅವರದು ತಪ್ಪು ಎನ್ನಲಾರೆ, ತೋಟದ ಆದಾಯ ಹೇಗಿದೆ ಎಂದು ನನಗೂ ಗೊತ್ತು. ಇಕಾಲಜಿ (ಜೀವಿಗಳಿಗೂ ಪರಿಸರಕ್ಕೂ ಇರುವ ನಂಟಿನ ಶಾಸ್ತ್ರ), ಜೀವವಿಕಾಸ, ವನ್ಯಜೀವಿ ಸಂರಕ್ಷಣೆ ಇವುಗಳಲ್ಲಿ ಸ್ನಾತಕೋತ್ತರ ಓದು ಎಲ್ಲಿದೆ, ಖರ್ಚು ಹೇಗೆ, ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವಳಿಗೆ ದಕ್ಕುತ್ತದೆಯೇ? ತಿಳಿದವರು ಹೇಳಿ.

ಹಳೆಯ ಪೊನ್ನಂಪೇಟೆ | ಜನವರಿ 6

ನಿಮ್ಮ 142 ಬೀಜದ ಲೆಕ್ಕ ಓದಿ ತುಂಬ ಸಂತೋಷವಾಯಿತು. ನಾನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿ ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸಾವಕಾಶವಾಗಿ ಬರೆಯುತ್ತೇನೆ.

ನಿಮ್ಮ ಪ್ರಶ್ನೆ ಸಣ್ಣದಲ್ಲ. ಕೊಡಗಿನ ಆನೆಗಳು ಕಾಫಿ ಹಣ್ಣು ತಿನ್ನುವ ವಿಚಾರವಾಗಿಯೇ 2011ರಲ್ಲಿ ಸಂಶೋಧನಾ ಪ್ರಬಂಧ ಪ್ರಕಟವಾಗಿದೆ. ನಮ್ಮ ಜಿಲ್ಲೆ ಈ ಶಾಸ್ತ್ರಕ್ಕೆ ಹೊಸ ಜಾಗವೇ ಅಲ್ಲ. 1,214 ದೇವರಕಾಡುಗಳಿರುವ ಜಿಲ್ಲೆ ಇದು. ದೇವರಕಾಡು, ಮೀಸಲು ಅರಣ್ಯ, ಕಾಫಿ ತೋಟ ಈ ಮೂರರಲ್ಲೂ ಮರ, ಹಕ್ಕಿ, ಅಣಬೆಗಳನ್ನು ಲೆಕ್ಕ ಹಾಕಿ ಹೋಲಿಸಿದ ಅಧ್ಯಯನ 2005ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಬಂತು, ಪೊನ್ನಂಪೇಟೆ ಕಾಲೇಜಿನ ಪ್ರಾಧ್ಯಾಪಕರು ಅದರ ಸಹಲೇಖಕರು. ಅಳಿವಿನ ಅಂಚಿನ ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡುಗಳಲ್ಲೇ ಹೆಚ್ಚು ಕಂಡವು ಎಂಬುದು ಅದರ ಒಂದು ಮುಖ್ಯ ಫಲಿತಾಂಶ. ದೇವರಕಾಡಿನ ಒಳಗೆ ಕತ್ತಿ ಒಯ್ಯಬೇಡ ಎಂದು ಅಜ್ಜಿ ಹೇಳುತ್ತಿದ್ದದ್ದಕ್ಕೆ ಅಂಕಿಅಂಶದ ಬೆಂಬಲ ಸಿಕ್ಕಿದ್ದನ್ನು ಓದಿದ ದಿನ ನನ್ನ ಮೈ ಜುಮ್ಮೆಂದಿತ್ತು.

ಇನ್ನು ದಾರಿಗಳು. ಪೊನ್ನಂಪೇಟೆಯ ಎಂಎಸ್ಸಿ ಅರಣ್ಯಶಾಸ್ತ್ರ ಮನೆಗೆ ಹತ್ತಿರ, ನಿಜ. ಆದರೆ ಅದು ನಾಲ್ಕು ವರ್ಷದ ಅರಣ್ಯಶಾಸ್ತ್ರ ಪದವಿಯಿಂದ ಬಂದವರಿಗೆ ಹೊಂದಿಸಿದ ಓದು. ನಿಮ್ಮಂಥ ಬಿಎಸ್ಸಿಯವರಿಗೆ ನಾನು ಮೊದಲು ಹೇಳುವುದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಅಲ್ಲಿ ವನ್ಯಜೀವಿ ಜೀವವಿಜ್ಞಾನ ಮತ್ತು ಸಂರಕ್ಷಣೆಯ ಎರಡು ವರ್ಷದ ಎಂಎಸ್ಸಿ 2004ರಲ್ಲಿ ಶುರುವಾಯಿತು. ತಂಡ ಚಿಕ್ಕದು, 15ರ ಆಸುಪಾಸು. ಪ್ರತಿವರ್ಷ ತೆಗೆದುಕೊಳ್ಳುವುದಿಲ್ಲ, ವರ್ಷ ಬಿಟ್ಟು ವರ್ಷ ಪ್ರವೇಶ ನಡೆಯುತ್ತ ಬಂದಿದೆ. ಆದ್ದರಿಂದ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು, ಒಂದು ಸಲ ತಪ್ಪಿದರೆ ಎರಡು ವರ್ಷ ಹೋಯಿತು. ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಪಶುವೈದ್ಯರು, ಎಂಜಿನಿಯರುಗಳು ಕೂಡ ಅಲ್ಲಿ ಓದಿದ್ದಾರೆ. ತರಗತಿಯಷ್ಟೇ ಹೊತ್ತನ್ನು ಕಾಡಿನಲ್ಲಿ ಕಳೆಯಬೇಕು, ಕೊನೆಗೆ ತಿಂಗಳುಗಟ್ಟಲೆ ಸ್ವಂತ ಕ್ಷೇತ್ರಕಾರ್ಯ ಮಾಡಿ ಪ್ರಬಂಧ ಬರೆಯಬೇಕು.

ಎರಡನೆಯದು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ. 1982ರಲ್ಲಿ ಸ್ಥಾಪನೆ, ವನ್ಯಜೀವಿ ವಿಜ್ಞಾನದ ಎಂಎಸ್ಸಿ 1988ರಿಂದ. ಅಖಿಲ ಭಾರತ ಪರೀಕ್ಷೆಯ ಮೂಲಕ ಪ್ರವೇಶ. ರಾಜ್ಯದೊಳಗೆ ಬೇಕೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಮತ್ತು ನಿರ್ವಹಣೆ ಎಂಬ ಸ್ನಾತಕೋತ್ತರ ವಿಭಾಗವಿದೆ, ಪಕ್ಕದಲ್ಲೇ ಭದ್ರಾ ಅಭಯಾರಣ್ಯ. ಪುದುಚೇರಿ ವಿಶ್ವವಿದ್ಯಾಲಯದಲ್ಲೂ ಇಕಾಲಜಿಯ ಎಂಎಸ್ಸಿ ಇದೆ.

ನೇರವಾಗಿ ಸಂಶೋಧನೆಗೇ ಇಳಿಯುವುದಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1983ರಲ್ಲಿ ಕಟ್ಟಿದ್ದು. ಮೂರು ವರ್ಷದ ಬಿಎಸ್ಸಿಯವರು ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಅಲ್ಲಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ, ಅಂದರೆ ಎಂಎಸ್ಸಿ, ಪಿಎಚ್‌ಡಿ ಎರಡೂ ಕೂಡಿದ ಓದಿಗೆ, ಪ್ರಯತ್ನಿಸಬಹುದು. ಎಂಎಸ್ಸಿ ಆದವರಿಗೆ ಸಿಎಸ್‌ಐಆರ್ ನೆಟ್ ಇಲ್ಲವೇ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ. ಗೇಟ್‌ನಲ್ಲಿ ಇಕಾಲಜಿ ಮತ್ತು ಜೀವವಿಕಾಸಕ್ಕೆ ಪ್ರತ್ಯೇಕ ಪತ್ರಿಕೆಯೇ ಇದೆ, ಬಹಳ ಮಂದಿಗೆ ಇದು ಗೊತ್ತಿಲ್ಲ. ಜೀವವಿಕಾಸವೇ ಮುಖ್ಯ ಎನ್ನುವವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರವನ್ನು ನೋಡಬೇಕು, ಅಲ್ಲಿ ಹಣ್ಣಿನ ನೊಣಗಳನ್ನು ನೂರಾರು ತಲೆಮಾರು ಸಾಕಿ ವಿಕಾಸವನ್ನು ಪ್ರಯೋಗಾಲಯದಲ್ಲೇ ನೋಡುತ್ತಾರೆ. ಅದೇ ಜಕ್ಕೂರಿನಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಇದೆ. ಸಂರಕ್ಷಣೆಯನ್ನು ಜನರ ಬದುಕಿನ ಜೊತೆ ಸೇರಿಸಿ ಓದುವವರಿಗೆ ಅಲ್ಲಿಯ ಪಿಎಚ್‌ಡಿ ಹೊಂದುತ್ತದೆ.

ಮನೆಯವರಿಗೆ ಈ ಒಂದು ಮಾತು ತಿಳಿಸಿ: ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಈ ದರ. ಪಿಎಚ್‌ಡಿ ಎಂದರೆ ಐದು ವರ್ಷ ಅಪ್ಪನ ಕೈ ನೋಡುವುದಲ್ಲ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ನಿಮ್ಮ ತೋಟದಲ್ಲಿದೆ. ಒಂದು ಪುಸ್ತಕ ಇಡಿ. ದಿನಾಲೂ ಒಂದೇ ದಾರಿ, ಒಂದೇ ಹೊತ್ತು. ಲದ್ದಿ ಕಂಡರೆ ಜಾಗ, ಎಷ್ಟು ಉಂಡೆ, ಒಳಗೆ ಏನು ಎಂದು ಬರೆಯಿರಿ. ಕಾಣದ ದಿನವನ್ನೂ ಬರೆಯಿರಿ, ಸೊನ್ನೆ ಎಂದು. ಆ ಸೊನ್ನೆ ಇಲ್ಲದಿದ್ದರೆ ಆನೆ ಯಾವಾಗ ಬರಲಿಲ್ಲ, ನೀವು ಯಾವಾಗ ನೋಡಲಿಲ್ಲ ಎಂಬ ವ್ಯತ್ಯಾಸವೇ ತಿಳಿಯುವುದಿಲ್ಲ. ನನ್ನ ಸಂದರ್ಶನದಲ್ಲಿ ಅಂಕಪಟ್ಟಿಯ ಬಗ್ಗೆ ಎರಡು ಪ್ರಶ್ನೆ ಕೇಳಿದರು, ನಾನು ಮನೆಯ ಹಿಂದಿನ ಹೊಳೆಯಲ್ಲಿ ಕಪ್ಪೆಗಳ ಕೂಗು ಬರೆದಿಟ್ಟ ಪುಸ್ತಕದ ಬಗ್ಗೆ ಅರ್ಧ ಗಂಟೆ ಕೇಳಿದರು.

ಕುಶಾಲನಗರ ಸೇತುವೆ | ಜನವರಿ 7

ವಿದೇಶದ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ಅನುಭವ ಹೇಳಬೇಕು. ನನ್ನ ತಮ್ಮನಿಗೂ ಇದೇ ಆಸೆ. ವಿದೇಶಿ ಶಿಕ್ಷಣ ಕೊಡಿಸುತ್ತೇವೆ ಎನ್ನುವ ಒಂದು ಸಂಸ್ಥೆಗೆ ಹೋದೆವು. 60,000 ರೂಪಾಯಿ ತೆಗೆದುಕೊಂಡರು. ಸಂರಕ್ಷಣಾ ಜೀವವಿಜ್ಞಾನ ಬೇಕು ಎಂದು ಸ್ಪಷ್ಟವಾಗಿ ಹೇಳಿದ್ದರೂ ಕೊನೆಗೆ ತೋರಿಸಿದ್ದು ಬ್ರಿಟನ್ನಿನ ಒಂದು ವರ್ಷದ ಪರಿಸರ ನಿರ್ವಹಣೆಯ ಕೋರ್ಸು. ಅದರಲ್ಲಿ ಕ್ಷೇತ್ರಕಾರ್ಯವೇ ಇರಲಿಲ್ಲ. ತೋಟ ಅಡವಿಡಿ, ಅಲ್ಲಿ ಕೆಲಸ ಮಾಡಿ ತೀರಿಸಬಹುದು ಎಂದರು. ನಾವು ಹಿಂದೆ ಸರಿದೆವು, ಕೊಟ್ಟ ಹಣ ಬರಲಿಲ್ಲ. ಅಮ್ಮ ಹಂದಿ ಸಾಕಿ ಕೂಡಿಟ್ಟ ಹಣ ಅದು, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಯಾರೂ ಮಧ್ಯವರ್ತಿಗಳ ಬಳಿ ಹೋಗಬೇಡಿ. ವಿಶ್ವವಿದ್ಯಾಲಯಗಳ ಅರ್ಜಿ ನಾವೇ ತುಂಬಬಹುದು ಎಂದು ನಮಗೆ ಆಗ ಹೇಳುವವರಿರಲಿಲ್ಲ.

ಗಟಿಂಗನ್‌ನಿಂದ ವಿರಾಜಪೇಟೆಯವಳು | ಜನವರಿ 7

ಸೇತುವೆಯವರ ಮಾತು ಓದಿ ಬೇಸರವಾಯಿತು. ನಾನು ಜರ್ಮನಿಯ ಗಟಿಂಗನ್‌ನಲ್ಲಿ ಜೀವವೈವಿಧ್ಯ, ಇಕಾಲಜಿ ಮತ್ತು ವಿಕಾಸದ ಎಂಎಸ್ಸಿ ಓದುತ್ತಿದ್ದೇನೆ. ಪಾಠ ಇಂಗ್ಲಿಷಿನಲ್ಲಿ. ಇಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೊಮ್ಮೆ ಸಣ್ಣ ವಂತಿಗೆ ಮಾತ್ರ. ಆದರೆ ಜರ್ಮನಿಯಲ್ಲೆಲ್ಲ ಉಚಿತ ಎಂದುಕೊಳ್ಳಬೇಡಿ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ವೀಸಾಕ್ಕೆ ಮೊದಲು ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ನಾಲ್ಕು ಎಕರೆಯ ಮನೆಗೆ ಅದು ಹಗುರವಲ್ಲ. ನನಗೆ ದೊಡ್ಡಪ್ಪ ಸಾಲ ಕೊಟ್ಟಿದ್ದಾರೆ.

ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಕ್ಕೆ ಖಂಡಿತ ಪ್ರಯತ್ನಿಸಿ. ಜೀವವಿಕಾಸದ ಎಂಎಸ್ಸಿಯೊಂದನ್ನು ಗ್ರೊನಿಂಗನ್, ಮಾಂಪೆಲಿಯೆ, ಉಪ್ಸಾಲಾ, ಮ್ಯೂನಿಕ್ ಈ ನಾಲ್ಕು ವಿಶ್ವವಿದ್ಯಾಲಯಗಳು ಕೂಡಿ ನಡೆಸುತ್ತವೆ. ವಿದ್ಯಾರ್ಥಿಗಳು ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಓದುತ್ತಾರೆ.

ಆದರೂ ನನ್ನ ತಂಗಿ ಕೇಳಿದರೆ ನಾನು ಹೇಳುವುದು ಬೇರೆ. ಎಂಎಸ್ಸಿಯನ್ನು ನಮ್ಮ ದೇಶದಲ್ಲೇ ಮಾಡಿ, ಪಿಎಚ್‌ಡಿಗೆ ಹೊರಗೆ ಬನ್ನಿ. ಜರ್ಮನಿಯಲ್ಲಿ ಪಿಎಚ್‌ಡಿ ಮಾಡುವವರಿಗೆ ಸಾಮಾನ್ಯವಾಗಿ ಸಂಬಳವಿರುತ್ತದೆ. ಅಮೆರಿಕದಲ್ಲಿ ಕಿರಿಯರಿಗೆ ಪಾಠ ಹೇಳುವ ಕೆಲಸ ಕೊಟ್ಟು, ಶುಲ್ಕ ಮನ್ನಾ ಮಾಡಿ, ತಿಂಗಳ ವೇತನ ಕೊಡುತ್ತಾರೆ. ಅಲ್ಲಿಯ ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲಿ ಬರುತ್ತದೆ, ಆದರೆ ಪ್ರಾಧ್ಯಾಪಕರಿಗೆ ಪತ್ರ ಬರೆಯುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಆಗಬೇಕು. ಪತ್ರದಲ್ಲಿ ನಿಮ್ಮ ಗೌರವಾದರಗಳಿಗೆ ಒಂದು ಸಾಲು ಸಾಕು, ನಿಮ್ಮ ಪ್ರಶ್ನೆಗೆ ಹತ್ತು ಸಾಲು ಇರಲಿ.

ಸಿದ್ದಾಪುರ ಬೆಳೆಗಾರ | ಜನವರಿ 9

ನನ್ನ ಮಾತು ಕಹಿಯೆನಿಸಬಹುದು, ಆದರೂ ಹೇಳುತ್ತೇನೆ. ಇಪ್ಪತ್ತು ವರ್ಷದಲ್ಲಿ ನಮ್ಮ ತೋಟಕ್ಕೆ ಎಷ್ಟೋ ಸಂಶೋಧಕರು ಬಂದಿದ್ದಾರೆ. ಅಂಗಳದಲ್ಲಿ ಕೂರಿಸಿ ಕಾಫಿ ಕೊಟ್ಟಿದ್ದೇವೆ. ಆನೆ ಎಷ್ಟು ಸಲ ಬಂತು, ಎಷ್ಟು ನಷ್ಟವಾಯಿತು, ಸಿಲ್ವರ್ ಓಕ್ ಏಕೆ ನೆಟ್ಟಿರಿ ಎಂದು ಹಾಳೆಗಟ್ಟಲೆ ಬರೆದುಕೊಂಡು ಹೋದರು. ಹೋದವರಲ್ಲಿ ಹಿಂತಿರುಗಿ ಬಂದು ಏನು ಕಂಡುಕೊಂಡೆವು ಎಂದು ಹೇಳಿದವರು ಇಬ್ಬರು. ಇಬ್ಬರೇ. ಕಳೆದ ವರ್ಷ ನಮ್ಮ ಪಕ್ಕದ ಲೈನ್ ಮನೆಯ ಕಾರ್ಮಿಕರೊಬ್ಬರು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಆನೆಯ ಕಾಲಿಗೆ ಸಿಕ್ಕು ಸತ್ತರು. ಆ ಮನೆಯವರ ಎದುರು ನಿಂತು ಇಕಾಲಜಿ ಎನ್ನಲು ನನ್ನಿಂದಾಗದು.

ಮಗಳೇ, ನೀನು ಓದು, ಬೇಡ ಎನ್ನುವುದಿಲ್ಲ. ಆದರೆ ಬೆಳಕು ಹರಿಯುವ ಮೊದಲು ಒಬ್ಬಳೇ ಲದ್ದಿ ಹುಡುಕಿಕೊಂಡು ಹೋಗಬೇಡ. ಬಿಸಿಲು ಏರಿದ ಮೇಲೆ, ಜೊತೆಗೆ ತೋಟ ಬಲ್ಲವರೊಬ್ಬರನ್ನು ಕರೆದುಕೊಂಡು, ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯ ಸಂದೇಶ ನೋಡಿಕೊಂಡು ಹೊರಡು. ಲದ್ದಿ ಬೆಚ್ಚಗಿದ್ದರೆ ಎಣಿಸುತ್ತ ನಿಲ್ಲದೆ ಹಿಂದಿರುಗು.

ಹಳೆಯ ಪೊನ್ನಂಪೇಟೆ | ಜನವರಿ 9

ಈ ಎಚ್ಚರಿಕೆಯನ್ನು ನಾನೇ ಮೊದಲು ಬರೆಯಬೇಕಾಗಿತ್ತು. ಬೆಳೆಗಾರರು ಹೇಳಿದ್ದನ್ನು ಅಕ್ಷರಶಃ ಪಾಲಿಸಿ. ಹಿಂತಿರುಗಿ ಬಾರದ ಸಂಶೋಧಕರ ಬಗ್ಗೆ ನಿಮ್ಮ ನೋವು ನ್ಯಾಯವಾದದ್ದು. ನನ್ನ ಪ್ರಬಂಧದ ಸಾರವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು, ಕೆಲಸ ಮಾಡಿದ 31 ತೋಟಗಳ ಮನೆಮನೆಗೂ ಈ ಮಳೆಗಾಲದೊಳಗೆ ಕೊಡುತ್ತೇನೆ.

ಇನ್ನೊಂದು ವಿಷಯ: ಸ್ವಂತ ತೋಟದಲ್ಲಿ ಲದ್ದಿ ಎಣಿಸಲು ಯಾರ ಅನುಮತಿಯೂ ಬೇಡ. ಬ್ರಹ್ಮಗಿರಿ, ನಾಗರಹೊಳೆಯಂಥ ರಕ್ಷಿತ ಪ್ರದೇಶದೊಳಗೆ ಅಧ್ಯಯನಕ್ಕೆ ಕಾಲಿಡುವುದಾದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಬೇಕು.

ತಿತಿಮತಿ ಹಾಡಿ | ಜನವರಿ 12

ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎನಿಸಿತು. ನಾನು ಜೇನುಕುರುಬ. ನಮ್ಮ ಹಾಡಿಯಲ್ಲಿ ಬಿಎಸ್ಸಿ ಮುಗಿಸಿದ ಮೊದಲಿಗ. ಭೌತಶಾಸ್ತ್ರ, ಗಣಿತ ಓದಿದ್ದೇನೆ. ಎರಡು ವರ್ಷ ಸಂಶೋಧಕರ ಜೊತೆ ಕ್ಷೇತ್ರ ಸಹಾಯಕನಾಗಿ ದುಡಿದೆ. ಕ್ಯಾಮೆರಾ ಕಟ್ಟಿದೆ, ಮರದ ಸುತ್ತಳತೆ ತೆಗೆದೆ. ಹೆಜ್ಜೆ ನೋಡಿ ಹುಲಿ ಯಾವ ಹೊತ್ತಿಗೆ ಹೋಯಿತು ಎಂದು ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಅವರೆಲ್ಲ ಒಳ್ಳೆಯವರು, ಸಂಬಳ ಸರಿಯಾಗಿ ಕೊಟ್ಟರು. ಆದರೆ ಆ ಪುಸ್ತಕದಲ್ಲಿ ಪ್ರಶ್ನೆ ಬರೆಯುವವನು ನಾನಾಗಬೇಕು ಎಂದು ಒಳಗೊಳಗೇ ಅನಿಸುತ್ತಿತ್ತು. ಜೀವಶಾಸ್ತ್ರ ಓದದವನಿಗೆ ಈ ದಾರಿ ಇದೆಯೇ?

ಹಳೆಯ ಪೊನ್ನಂಪೇಟೆ | ಜನವರಿ 12

ಇದೆ. ಗಣಿತ ಓದಿದ್ದು ನಿಮಗೆ ಬಲವೇ. ನಾಗರಹೊಳೆಯಲ್ಲೇ ಕೆಲಸ ಮಾಡಿದ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಮೊದಲು ಮೆಕ್ಯಾನಿಕಲ್ ಎಂಜಿನಿಯರ್. ಆಮೇಲೆ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದ ಸ್ನಾತಕೋತ್ತರ ಓದು, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಹುಲಿಯ ಪಟ್ಟೆಗಳನ್ನು ಕ್ಯಾಮೆರಾ ಚಿತ್ರದಲ್ಲಿ ಗುರುತಿಸಿ, ಮತ್ತೆ ಮತ್ತೆ ಸಿಕ್ಕ ಹುಲಿ ಎಷ್ಟು, ಹೊಸದು ಎಷ್ಟು ಎಂಬ ಸಂಭವನೀಯತೆಯ ಲೆಕ್ಕದಿಂದ ಕಾಣದ ಹುಲಿಗಳನ್ನೂ ಅಂದಾಜು ಮಾಡುವ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದ್ದು ನಾಗರಹೊಳೆಯ ಹುಲಿಗಳನ್ನು ಇಟ್ಟುಕೊಂಡೇ. ನೀವು ಕ್ಯಾಮೆರಾ ಕಟ್ಟಿದ ಮರಗಳ ಹಿಂದೆ ಇರುವುದು ನಿಮ್ಮದೇ ಗಣಿತ.

ಹಣದ ಮಾತು: ಪರಿಶಿಷ್ಟ ಪಂಗಡದವರ ಪಿಎಚ್‌ಡಿಗೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಫೆಲೋಶಿಪ್ ಕೊಡುತ್ತದೆ. ವಿದೇಶದಲ್ಲಿ ಸ್ನಾತಕೋತ್ತರ ಪದವಿ ಅಥವಾ ಪಿಎಚ್‌ಡಿ ಮಾಡಲು ಅದೇ ಸಚಿವಾಲಯದ್ದು ವರ್ಷಕ್ಕೆ 20 ವಿದ್ಯಾರ್ಥಿವೇತನ, ಅದರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ನಿಮ್ಮ ಜೊತೆ ಕೆಲಸ ಮಾಡಿದ ಸಂಶೋಧಕರಿಂದ ಶಿಫಾರಸು ಪತ್ರ ಕೇಳಿ. ಸಂಕೋಚ ಬೇಡ, ಎರಡು ವರ್ಷದ ದುಡಿಮೆಯ ಋಣ ಅವರ ಮೇಲಿದೆ. ಎನ್‌ಸಿಬಿಎಸ್ ಅರ್ಜಿಗೆ ನಾವಿಬ್ಬರೂ ಕೂತು ತಯಾರಿ ಮಾಡೋಣ. ನಾನು ತಿಂಗಳಿಗೊಮ್ಮೆ ಗೋಣಿಕೊಪ್ಪಕ್ಕೆ ಬರುತ್ತೇನೆ.

ನಿವೃತ್ತ ಉಪನ್ಯಾಸಕಿ, ಮಡಿಕೇರಿ | ಜನವರಿ 15

ಭಾಷೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪರೀಕ್ಷೆ, ಪಾಠ, ಪ್ರಬಂಧ ಎಲ್ಲ ಇಂಗ್ಲಿಷಿನಲ್ಲಿ. ಇದನ್ನು ಮುಚ್ಚಿಡುವುದು ಬೇಡ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ನಾನು ಕಂಡದ್ದೇನೆಂದರೆ, ಕನ್ನಡದಲ್ಲಿ ವಿಷಯ ಅರ್ಥವಾದ ಮಕ್ಕಳಿಗೆ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಕೈಗೆ ಬರುತ್ತದೆ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವರಿಗೆ ವಿಷಯ ಹತ್ತು ವರ್ಷವಾದರೂ ಬರುವುದಿಲ್ಲ. ಪ್ರತಿದಿನ ಒಂದು ಪ್ರಬಂಧದ ಸಾರಾಂಶವನ್ನು ಮಾತ್ರ ಓದಿ, ಅದನ್ನು ಕನ್ನಡದಲ್ಲಿ ಐದು ವಾಕ್ಯ ಮಾಡಿ ಬರೆಯಿರಿ. ಮೂರು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಸಿ.ಆರ್. ನಾರಾಯಣರಾಯರ ಹೆಸರನ್ನು ನಮ್ಮ ಮಕ್ಕಳು ಕೇಳಿರುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು 1920ರಲ್ಲಿ ಕೊಡಗಿನ ಒಂದು ಇರುಳುಗಪ್ಪೆಯನ್ನು ಜಗತ್ತಿಗೆ ಮೊದಲು ವರ್ಣಿಸಿದರು. ಕಾವೇರಿಯ ಪವಿತ್ರ ಜೌಗು ನೆಲದ್ದು ಎಂಬ ಅರ್ಥದ ಲ್ಯಾಟಿನ್ ಹೆಸರು ಇಟ್ಟರು. ಆಮೇಲೆ ಆ ಕಪ್ಪೆಯನ್ನು ಯಾರೂ ಕಂಡಿರಲಿಲ್ಲ. 91 ವರ್ಷಗಳ ನಂತರ, 2011ರಲ್ಲಿ, ಅದು ಮತ್ತೆ ಸಿಕ್ಕಿದ ಸುದ್ದಿ ಬಂತು. ನಾನು ಆ ದಿನ ಪತ್ರಿಕೆಯನ್ನು ತರಗತಿಗೆ ಒಯ್ದು ಓದಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಮೇಡಂ, ತೊಂಬತ್ತು ವರ್ಷ ಅದು ಇರಲಿಲ್ಲವೋ, ನೋಡುವವರಿರಲಿಲ್ಲವೋ ಎಂದು ಕೇಳಿದ. ಮೇಲೆ ಯಾರೋ ಸೊನ್ನೆಯ ಬಗ್ಗೆ ಬರೆದದ್ದನ್ನು ಓದಿ ಅವನ ನೆನಪಾಯಿತು.

ಶ್ರೀಮಂಗಲದ ವಿದ್ಯಾರ್ಥಿನಿ | ಮಾರ್ಚ್ 11

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಫಿ ಕೊಯ್ಲು, ಪರೀಕ್ಷೆ ಎರಡೂ ಒಟ್ಟಿಗೆ ಬಂದವು.

ಜನವರಿ 10ರಿಂದ ಪುಸ್ತಕ ಇಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತು ಗಂಟೆಗೆ, ಚಿಕ್ಕಪ್ಪನ ಜೊತೆ, ಗೇಟಿನಿಂದ ಪಾಳು ಗದ್ದೆಯವರೆಗೆ. ಒಟ್ಟು 54 ದಿನ ನಡೆದಿದ್ದೇನೆ. 41 ದಿನ ಸೊನ್ನೆ. 13 ದಿನ ಲದ್ದಿ ಸಿಕ್ಕಿತು, ಅದರಲ್ಲಿ 9 ದಿನದ ಲದ್ದಿಯಲ್ಲಿ ಕಾಫಿ ಬೀಜ ಇತ್ತು. ನಮ್ಮ ಸುತ್ತಿನ ತೋಟಗಳ ಕೊಯ್ಲು ಮುಗಿದ ಮೇಲೆ ಸಿಕ್ಕ ಲದ್ದಿಯಲ್ಲಿ ಬೀಜವೇ ಇಲ್ಲ. ಲದ್ದಿಯಿಂದ ತೆಗೆದ ನೂರು ಬೀಜ, ಗಿಡದಿಂದ ಕೊಯ್ದ ನೂರು ಬೀಜ ಬೇರೆ ಬೇರೆ ಮರಳಿನ ಪಾತಿಯಲ್ಲಿ ಹಾಕಿದ್ದೇನೆ. ಅಪ್ಪ ಮೊದಲು ಮಾತನಾಡಲಿಲ್ಲ. ಈಗ ಎರಡೂ ಪಾತಿಗೆ ನೀರು ಹಾಕುವವರು ಅವರೇ, ಸಮನಾಗಿ ಹಾಕಬೇಕು ಎಂದು ಒಂದೇ ಚೆಂಬಿನಿಂದ ಅಳೆದು ಹಾಕುತ್ತಾರೆ.

ಎನ್‌ಸಿಬಿಎಸ್‌ನ ಮುಂದಿನ ಪ್ರಕಟಣೆಗೆ ಕಾಯುತ್ತೇನೆ, ಡೆಹ್ರಾಡೂನ್‌ಗೂ ಅರ್ಜಿ ಹಾಕುತ್ತೇನೆ. ಶಂಕರಘಟ್ಟದ ಅರ್ಜಿಯನ್ನು ಈ ವರ್ಷವೇ ತುಂಬುತ್ತೇನೆ, ಏನೂ ಇಲ್ಲದೆ ಮನೆಯಲ್ಲಿ ಕೂರಬಾರದು ಎಂದು ಅಮ್ಮ ಹೇಳಿದ್ದು ಸರಿ ಎನಿಸಿತು. ತಿತಿಮತಿಯವರು ಮತ್ತು ನಾನು ಗೋಣಿಕೊಪ್ಪದಲ್ಲಿ ಎರಡು ಸಲ ಸೇರಿ ಓದಿದೆವು. ಅವರು ನನಗೆ ಸಂಭವನೀಯತೆ ಹೇಳಿಕೊಟ್ಟರು, ನಾನು ಅವರಿಗೆ ಜೀವಕೋಶದ ಅಧ್ಯಾಯ. ಕಂಪ್ಯೂಟರಿನಲ್ಲಿ ಆರ್ ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶವನ್ನು ಇಬ್ಬರೂ ಕಲಿಯುತ್ತಿದ್ದೇವೆ. ಬೆಂಗಳೂರಿನಲ್ಲಿ ನಡೆಯುವ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನಕ್ಕೂ ಈ ಲೆಕ್ಕ ಒಯ್ಯುವ ಯೋಚನೆಯಿದೆ.

ಸಿದ್ದಾಪುರದ ಅಂಕಲ್, ನಮ್ಮ ಪಕ್ಕದ ಏಳು ಮನೆಗಳಿಗೆ ಹೋಗಿ ಇಷ್ಟು ದಿನದ ಲೆಕ್ಕವನ್ನು ಓದಿ ಹೇಳಿದ್ದೇನೆ. ಒಂದು ಮನೆಯ ಅಜ್ಜ, ಆನೆ ಬರುವ ದಾರಿ ನೀನು ನಡೆಯುವ ಕಡೆಯಲ್ಲ, ಹೊಳೆ ಬದಿಯದ್ದು ಎಂದರು. ಏಪ್ರಿಲ್‌ನಿಂದ ಆ ದಾರಿಯನ್ನೂ ಸೇರಿಸುತ್ತೇನೆ.

ಈಚೆಗೆ ಹೂಮಳೆ ಬಂತು. ಎಂಟು ದಿನಕ್ಕೆ ತೋಟ ಬೆಳ್ಳಗಾಗಿದೆ, ಹೆಜ್ಜೇನಿನ ಮೊರೆತ ಅಂಗಳದವರೆಗೆ ಕೇಳುತ್ತಿದೆ. ರೋಬಸ್ಟಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ ಎಂದು ಈಚೆಗೆ ಓದಿದೆ. ಇವತ್ತು ಬೆಳಿಗ್ಗೆ ಒಂದು ಕೊಂಬೆಯ ಮುಂದೆ ಹತ್ತು ನಿಮಿಷ ನಿಂತು ಎಣಿಸಿದೆ: ಹೆಜ್ಜೇನು 23, ತುಡುವೆ 4, ಮಿಸುರಿ ಜೇನು ಸೊನ್ನೆ.

ತಿತಿಮತಿ ಹಾಡಿ | ಮಾರ್ಚ್ 11

ಮಿಸುರಿ ಬಿಸಿಲು ಏರಿದ ಮೇಲೆ ಬರುತ್ತದೆ. ಹನ್ನೊಂದು ಗಂಟೆಗೆ ಅದೇ ಕೊಂಬೆಯನ್ನು ಮತ್ತೆ ನೋಡಿ.